ಅಟ್ಟ ಖಾಲಿ ಮಾಡುವ ದಾನ

ಬೆಂಗಳೂರಿನ ಸರ್ಜಾಪುರ ರಸ್ತೆಯಿಂದ ಸ್ವಲ್ಪ ಒಳಗೆ, ಹದಿನೈದು ವರ್ಷದ ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಎತ್ತರದ ಕಾಂಪೌಂಡು ಹಾಕಿಕೊಂಡು ನಿಂತಿರುವ ವಿಲ್ಲಾಗಳ ಬಡಾವಣೆಯೊಂದಿದೆ. ಅಲ್ಲಿನ ಒಂದು ಮನೆಯ ಹಾಲಿನಲ್ಲಿ ಇಬ್ಬರು ಹೆಂಗಸರ ನಡುವೆ ನಡೆದ ಮಾತು ಇದು. ಹಿರಿಯಾಕೆ ಕೊಡಗಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿ ನಿವೃತ್ತರಾದವರು. ಕಿರಿಯಾಕೆ ಅವರ ತಂಗಿಯ ಮಗಳು. ಸಾಫ್ಟ್‌ವೇರ್ ಕೆಲಸ, ಆರು ವರ್ಷದ ಮಗ. ಇಬ್ಬರ ನಡುವೆ ನೆಲದ ಮೇಲೆ ಏಳು ರಟ್ಟಿನ ಪೆಟ್ಟಿಗೆಗಳು. ಪಕ್ಕದ ಮನೆಯವನಾದ ನಾನು ಪೆಟ್ಟಿಗೆಗಳಿಗೆ ಟೇಪು ಸುತ್ತಿಕೊಡಲು ಹೋಗಿದ್ದೆ. ಒಂದು ಪೆಟ್ಟಿಗೆಗೆ ಸುತ್ತಿ, ಆಮೇಲೆ ಸುಮ್ಮನೆ ಕೇಳುತ್ತ ಕುಳಿತೆ. ನೆನಪಿನಲ್ಲಿ ಉಳಿದಷ್ಟನ್ನು ಬರೆದಿದ್ದೇನೆ.

ಹಿರಿಯಾಕೆ: ಇದೆಲ್ಲ ಎಲ್ಲಿಗೆ ಹೋಗುತ್ತಮ್ಮ?

ಕಿರಿಯಾಕೆ: ಶನಿವಾರ ನಮ್ಮ ಅಸೋಸಿಯೇಷನ್‌ನಿಂದ ಡೊನೇಷನ್ ಡ್ರೈವ್ ಇದೆ ದೊಡ್ಡಮ್ಮ. ವರ್ಷಕ್ಕೆರಡು ಸಲ ಮಾಡ್ತೀವಿ. ದಸರಾಕ್ಕೆ ಮುಂಚೆ ಒಂದು, ಯುಗಾದಿಗೆ ಮುಂಚೆ ಒಂದು. ಕ್ಲಬ್ ಹೌಸಿನಲ್ಲಿ ಇಟ್ಟರೆ ಲಾರಿ ಬಂದು ತುಂಬಿಕೊಂಡು ಹೋಗುತ್ತೆ.

ಹಿರಿಯಾಕೆ: ಲಾರಿ ಎಲ್ಲಿಗೆ ಹೋಗುತ್ತೆ?

ಕಿರಿಯಾಕೆ: ಬಡವರಿಗೆ. ಯಾವುದೋ ಹಳ್ಳಿಗೆ ಕೊಡ್ತಾರಂತೆ.

ಹಿರಿಯಾಕೆ: ಯಾವ ಹಳ್ಳಿ?

ಕಿರಿಯಾಕೆ: ಅಷ್ಟು ಕೇಳಿಲ್ಲ. ನಿಜ ಹೇಳಬೇಕೂಂದ್ರೆ ನಮ್ಮಲ್ಲಿ ಯಾರೂ ಕೇಳಿಲ್ಲ.

ಹಿರಿಯಾಕೆ: ಈ ಶರ್ಟಿನ ಬೆಲೆಚೀಟಿ ಇನ್ನೂ ಹಾಗೇ ಇದೆಯಲ್ಲ.

ಕಿರಿಯಾಕೆ: ಸೇಲಿನಲ್ಲಿ ತಗೊಂಡಿದ್ದು. ನಮ್ಮ ಮನೆಯವರಿಗೆ ಅಳತೆ ಸರಿಹೋಗಲಿಲ್ಲ. ವಾಪಸ್ ಕಳಿಸೋಣ ಅಂದುಕೊಳ್ಳುವಷ್ಟರಲ್ಲಿ ದಿನ ಮೀರಿಹೋಯ್ತು. ಹೊಸದೇ ಅಲ್ವಾ, ಯಾರಿಗಾದರೂ ಆಗುತ್ತೆ.

ಹಿರಿಯಾಕೆ: ಇದು?

ಕಿರಿಯಾಕೆ: ಬ್ರೆಡ್ ಮಾಡೋ ಮೆಷಿನ್ನು. ಎರಡು ಸಲ ಮಾಡಿದ್ವಿ. ಇದು ಮಗುವಿನ ಆಟದ ಸಾಮಾನು, ಕೆಲವು ಮುರಿದಿವೆ. ಆ ಪೆಟ್ಟಿಗೇಲಿ ಬಿಸ್ಕತ್ತು, ಓಟ್ಸು, ಅವಧಿ ಮುಗಿಯೋಕೆ ಇನ್ನೂ ಒಂದು ತಿಂಗಳಿದೆ. ಇದರಲ್ಲಿ ಅರ್ಧ ಉಳಿದ ಮಾತ್ರೆ ಪಟ್ಟಿಗಳು. ಮಿಕ್ಕಿದ್ದೆಲ್ಲ ಬಟ್ಟೆ.

ಹಿರಿಯಾಕೆ: ಇಷ್ಟನ್ನೂ ಕೊಟ್ಟ ಮೇಲೆ ಅಟ್ಟ ಖಾಲಿಯಾಗುತ್ತೆ.

ಕಿರಿಯಾಕೆ: ಹೂಂ, ಮನಸ್ಸೂ ಹಗುರ ಆಗುತ್ತೆ. ಅದರಲ್ಲಿ ತಪ್ಪೇನಿದೆ ದೊಡ್ಡಮ್ಮ? ನಿಮ್ಮ ದನಿ ನೋಡಿದ್ರೆ ನಾನೇನೋ ಮಾಡಬಾರದ್ದು ಮಾಡಿದ ಹಾಗಿದೆ.

ಹಿರಿಯಾಕೆ: ಇಲ್ಲ ಮಗೂ, ನಿನ್ನ ಮನಸ್ಸು ಒಳ್ಳೇದು, ಅದು ನನಗೆ ಗೊತ್ತಿಲ್ವಾ? ಆದರೆ ಇಂಥ ಪೆಟ್ಟಿಗೆಗಳನ್ನ ನಾನು ಇನ್ನೊಂದು ತುದಿಯಲ್ಲಿ ನಿಂತು ಬಿಚ್ಚಿದವಳು. ಅದಕ್ಕೇ ಕೇಳಿದೆ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಕುಸಿಯಿತಲ್ಲ, ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಆ ಭಾಗವೆಲ್ಲ. ಶಾಲೆಗಳು, ಕಲ್ಯಾಣ ಮಂಟಪಗಳು ಎಲ್ಲ ಗಂಜಿ ಕೇಂದ್ರ ಆದವು. ನಾನೂ ಒಂದು ಕೇಂದ್ರದಲ್ಲಿ ದಿನಾ ಕೆಲಸಕ್ಕೆ ಹೋಗ್ತಿದ್ದೆ. ಮೊದಲ ಎರಡು ಮೂರು ದಿನ ಬಂದ ಅಕ್ಕಿ, ಕಂಬಳಿ, ಬಿಸಿನೀರು, ಹಾಲು, ಅದು ಜೀವ ಉಳಿಸಿತು. ಅದನ್ನ ಮರೆತರೆ ನನ್ನ ಬಾಯಿಗೆ ಹುಳ ಬೀಳುತ್ತೆ. ಹಾಸನ, ಮೈಸೂರು, ಮಂಡ್ಯ ಎಲ್ಲ ಕಡೆಯಿಂದ ಜನ ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಬಂದರು.

ಕಿರಿಯಾಕೆ: ಮತ್ತೆ?

ಹಿರಿಯಾಕೆ: ಆಮೇಲೆ ಬಂತು ನೋಡು ಬಟ್ಟೆಯ ಮೂಟೆ. ಮೊದಲು ಒಂದು ಕೊಠಡಿ ತುಂಬಿತು, ಆಮೇಲೆ ಇನ್ನೊಂದು, ಆಮೇಲೆ ಜಗಲಿ. ಬಿಚ್ಚಿದರೆ ಜರಿ ಕೆಲಸದ ಲೆಹೆಂಗಾ, ತೋಳಿಲ್ಲದ ಪಾರ್ಟಿ ಗೌನು, ಒಂಟಿ ಕಾಲಿನ ಎತ್ತರ ಹಿಮ್ಮಡಿಯ ಚಪ್ಪಲಿ, ಬೆವರಿನ ವಾಸನೆ ಹೋಗದ ಟೀಶರ್ಟು, ಝಿಪ್ ಕಿತ್ತುಹೋದ ಪ್ಯಾಂಟು. ಹೊರಗೆ ಮಳೆ ಅಂದರೆ ಎಂಥ ಮಳೆ! ಅಲ್ಲಿದ್ದವರು ಕಾಫಿ ತೋಟದ ಲೈನ್ ಮನೆಗಳಿಂದ ಉಟ್ಟ ಬಟ್ಟೇಲಿ ಓಡಿ ಬಂದ ಹೆಂಗಸರು, ಮುದುಕರು. ಅವರಿಗೆ ಬೇಕಿದ್ದದ್ದು ಒಣಗಿದ ಒಳಲಂಗ, ನೈಟಿ, ಟವೆಲು, ಟಾರ್ಚು, ಗಮ್‌ಬೂಟು, ತಿಂಗಳ ಮುಟ್ಟಿಗೆ ಪ್ಯಾಡು. ಒಬ್ಬಳು ನನ್ನ ಕಿವಿಯ ಹತ್ತಿರ ಬಂದು, "ಟೀಚರೇ, ಒಳಗಿನ ಬಟ್ಟೆ ಏನಾದರೂ ಬಂದಿದೆಯಾ?" ಅಂತ ಕೇಳಿದಳು. ಎರಡು ಕೊಠಡಿ ತುಂಬಾ ಬಟ್ಟೆ ಇಟ್ಟುಕೊಂಡು ನಾನು ಇಲ್ಲ ಅಂದೆ.

ಕಿರಿಯಾಕೆ: ಅದನ್ನೆಲ್ಲ ಏನು ಮಾಡಿದ್ರಿ?

ಹಿರಿಯಾಕೆ: ವಿಂಗಡಿಸೋಕೆ ಕೂತ್ವಿ. ಅಡುಗೆಗೆ, ಮಕ್ಕಳನ್ನ ನೋಡಿಕೊಳ್ಳೋಕೆ ಬೇಕಿದ್ದ ಎಂಟು ಹತ್ತು ಜನ ದಿನಗಟ್ಟಲೆ ಬಟ್ಟೆ ಬೇರ್ಪಡಿಸಿದ್ವಿ. ಶಾಲೆ ಮತ್ತೆ ಶುರುವಾಗಬೇಕು, ಕೊಠಡಿ ಬಿಡಿಸಬೇಕು. ಕೊನೆಗೆ ಒದ್ದೆಯಾಗಿ ಬೂಷ್ಟು ಹಿಡಿದದ್ದನ್ನ ಗಾಡಿ ಮಾಡಿ ಹೊರಗೆ ಸಾಗಿಸಿದ್ವಿ. ಆ ಬಾಡಿಗೆಯನ್ನ ಕೊಟ್ಟದ್ದು ಪರಿಹಾರಕ್ಕೆ ಅಂತ ಬಂದಿದ್ದ ದುಡ್ಡಿನಿಂದಲೇ.

ಕಿರಿಯಾಕೆ: ಇದು ನಿಮ್ಮ ಒಂದು ಕೇಂದ್ರದ ಅನುಭವ ಇರಬಹುದು.

ಹಿರಿಯಾಕೆ: ಹಾಗೇ ಆಗಿದ್ರೆ ಎಷ್ಟೋ ಚೆನ್ನಾಗಿತ್ತು. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ತಮಿಳುನಾಡಿನ ಕರಾವಳಿಯಲ್ಲಿ, ನಾಗಪಟ್ಟಿಣಂ ಕಡೆ, ರಸ್ತೆ ಉದ್ದಕ್ಕೂ ಹಳೇ ಬಟ್ಟೆ ರಾಶಿ ಬಿದ್ದಿತ್ತು. ಮೀನುಗಾರರು ಮುಟ್ಟಲಿಲ್ಲ. ಅವರು ಕಡಲಿಗೆ ಹೋಗಿ ದುಡಿದು ಉಣ್ಣುವ ಜನ, ಹಿಂದಿನ ದಿನದವರೆಗೂ ಯಾರ ಮುಂದೆಯೂ ಕೈಯೊಡ್ಡಿದವರಲ್ಲ. ಮನೆ ಹೋಯಿತು, ದೋಣಿ ಹೋಯಿತು, ಮಕ್ಕಳು ಹೋದರು. ಅಂಥವರ ಮುಂದೆ ಯಾರೋ ಉಟ್ಟು ಬಿಟ್ಟದ್ದನ್ನ ಲಾರಿಯಿಂದ ಎಸೆದರೆ ಹೇಗಾಗಬೇಡ? ದನಕರು ಆ ಬಟ್ಟೆ ಮೇಲೆ ಮಲಗುತ್ತಿದ್ದವು. ದೆಹಲಿಯಲ್ಲಿ ಗೂಂಜ್ ಅಂತ ಸಂಸ್ಥೆ ಇದೆ, ಅಂಶು ಗುಪ್ತ ಅನ್ನೋರು 1999ರಲ್ಲಿ ಶುರು ಮಾಡಿದ್ದು. ಹೀಗೆ ಉಳಿದುಹೋದ ಬಟ್ಟೆಯನ್ನ ಅವರು ಆಯ್ದು ತೊಳೆದು ಕತ್ತರಿಸಿ, ಹತ್ತಿಯದನ್ನ ಮುಟ್ಟಿನ ಪ್ಯಾಡ್ ಮಾಡೋಕೆ ಬಳಸಿದರು. ಅದು ಒಳ್ಳೇ ಕೆಲಸ. ಆದರೆ ನೋಡು, ಕೊಟ್ಟವರ ತಪ್ಪನ್ನ ಸರಿಪಡಿಸೋಕೇ ಒಂದು ಸಂಸ್ಥೆ ಬೇಕಾಯಿತು.

ಕಿರಿಯಾಕೆ: ಹಾಗಾದ್ರೆ ಏನು ಮಾಡಲಿ? ಕಸಕ್ಕೆ ಹಾಕಲಾ? ಬಿಸಾಡೋದಕ್ಕಿಂತ ಕೊಡೋದು ಮೇಲು ಅಂತ ತಾನೇ ನಾನು ಇಷ್ಟು ಕಷ್ಟಪಡ್ತಿರೋದು. ಕಸಕ್ಕೆ ಹಾಕಿದ್ರೆ ಅದು ಇನ್ನೊಬ್ಬರ ಊರಿಗೆ ತಾನೇ ಹೋಗಿ ಬೀಳೋದು.

ಹಿರಿಯಾಕೆ: ನಿಜ. ಮಂಡೂರಿನ ಕಥೆ ನಿನಗೆ ಗೊತ್ತಿದೆಯಲ್ಲ.

ಕಿರಿಯಾಕೆ: ಗೊತ್ತು, ಆಗ ನಾನು ಕೆಲಸಕ್ಕೆ ಸೇರಿದ ಹೊಸತು. ಆ ಊರು ಇಲ್ಲಿಂದ ತೀರಾ ದೂರವೇನಿಲ್ಲ. 2012ರಲ್ಲಿ ಮಾವಳ್ಳಿಪುರದಲ್ಲಿ ಕಸ ಸುರಿಯೋದು ನಿಂತಾಗ ಬೆಂಗಳೂರಿನ ಕಸ ಹೆಚ್ಚಾಗಿ ಮಂಡೂರಿಗೆ ಹೋಗೋಕೆ ಶುರುವಾಯ್ತು. ನೊಣ, ನಾತ, ಬೋರ್‌ವೆಲ್ ನೀರೆಲ್ಲ ಕೆಟ್ಟಿತು ಅಂತ ಜನ 2014ರಲ್ಲಿ ಲಾರಿಗಳಿಗೆ ಅಡ್ಡ ನಿಂತರು. ವರ್ಷದ ಕೊನೆಗೆ ಅಲ್ಲಿ ಸುರಿಯೋದು ನಿಲ್ಲಿಸಿದರು. ಆಗಲೇ ನಮ್ಮ ಬಡಾವಣೆಯಲ್ಲಿ ಹಸಿಕಸ ಒಣಕಸ ಬೇರೆ ಮಾಡೋ ಕೆಲಸ ಶುರುವಾಗಿದ್ದು. ಇದನ್ನೆಲ್ಲ ನೋಡಿಯೇ ನನಗೆ ಬಿಸಾಡೋಕೆ ಮನಸ್ಸು ಬರಲ್ಲ.

ಹಿರಿಯಾಕೆ: ಅಷ್ಟು ಗೊತ್ತಿದ್ದೂ ಈ ಪೆಟ್ಟಿಗೆ ಕಟ್ಟಿದ್ದೀಯಲ್ಲ ಮಗೂ. ಮಂಡೂರಿನವರು ಲಾರಿ ತಡೆದರು, ಯಾಕೆಂದರೆ ಅದರ ಮೇಲೆ ಕಸ ಅಂತ ಬರೆದಿತ್ತು. ಈ ಲಾರಿ ಮೇಲೆ ದಾನ ಅಂತ ಬರೆದಿರುತ್ತೆ, ತಡೆಯೋಕೆ ಯಾರಿಗೂ ಬಾಯಿ ಬರಲ್ಲ. ಈ ಮುರಿದ ಆಟದ ಸಾಮಾನು ನಿನ್ನ ಮನೆಯ ಒಣಕಸದ ಬುಟ್ಟಿಗೆ ಹೋಗಬೇಕಾದದ್ದು, ಒಂದು ಹಳ್ಳಿಯ ಮಗುವಿನ ಕೈ ದಾಟಿಕೊಂಡು ಆ ಹಳ್ಳಿಯ ತಿಪ್ಪೆಗೆ ಹೋಗುತ್ತೆ. ಅಲ್ಲಿ ಬೇರ್ಪಡಿಸೋ ಗಾಡಿಯೂ ಬರಲ್ಲ.

(ಇಲ್ಲಿ ಕಿರಿಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ನನ್ನ ಮನೆಯ ಪೆಟ್ಟಿಗೆಗಳು ಆಗಲೇ ಕ್ಲಬ್ ಹೌಸ್ ಸೇರಿದ್ದವು. ನಾನೂ ಲಾರಿ ಎಲ್ಲಿಗೆ ಹೋಗುತ್ತದೆಂದು ಕೇಳಿದವನಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು.)

ಕಿರಿಯಾಕೆ: ಔಷಧಿ ಮಾತ್ರ ಕೊಡಬಹುದಲ್ವಾ? ದುಬಾರಿ ಮಾತ್ರೆಗಳು.

ಹಿರಿಯಾಕೆ: ಅದನ್ನಂತೂ ಮೊದಲು ತೆಗೆ. ಯಾವ ಕಾಯಿಲೆಗೆ, ಎಷ್ಟು, ಯಾರು ಬರೆದದ್ದು ಅನ್ನೋದು ಪಟ್ಟಿಯ ಮೇಲಿಲ್ಲ. ಅರ್ಧ ಕತ್ತರಿಸಿದ ಪಟ್ಟೀಲಿ ಅವಧಿ ಮುಗಿಯೋ ದಿನವೂ ಹೋಗಿರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯವರು ಔಷಧಿ ದಾನಕ್ಕೇ ಅಂತ 1996ರಲ್ಲಿ ನಿಯಮ ಮಾಡಿದರು. ದೇಶದಿಂದ ದೇಶಕ್ಕೆ ಹೋಗೋ ಔಷಧಿ ತಲುಪಿದ ಮೇಲೂ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು. ಜನ ಬಳಸಿ ಉಳಿಸಿದ ಮಾತ್ರೆ ಕಳಿಸಬಾರದು. ಕೊಡುವ ದೇಶದಲ್ಲಿ ಯೋಗ್ಯವಲ್ಲ ಅಂತ ಬಿಟ್ಟದ್ದು ಪಡೆಯುವ ದೇಶಕ್ಕೂ ಯೋಗ್ಯವಲ್ಲ. ಈ ಕೊನೇ ಮಾತನ್ನ ಔಷಧಿಗೆ ಮಾತ್ರ ಯಾಕೆ ಇಟ್ಟುಕೊಳ್ಳಬೇಕು? ಬಟ್ಟೆಗೂ ಊಟಕ್ಕೂ ಅದೇ ಅಳತೆ ಇಡು. ನೀನು ಉಡದಿದ್ದರೆ, ನಿನ್ನ ಮಗನಿಗೆ ತಿನ್ನಿಸದಿದ್ದರೆ, ಇನ್ನೊಬ್ಬರ ಮಗನಿಗೆ ಕೊಡೋಕೂ ಅದು ಬಾರದು.

ಕಿರಿಯಾಕೆ: ಊಟದ ವಿಷಯದಲ್ಲಿ ನಾವು ಹುಷಾರಾಗಿದ್ದೀವಿ. ಹೋದ ತಿಂಗಳು ಇವನ ಬರ್ತ್‌ಡೇ ಆಯ್ತಲ್ಲ, ಉಳಿದದ್ದನ್ನೆಲ್ಲ ಡಬ್ಬಕ್ಕೆ ಹಾಕಿ ಹಿಂದುಗಡೆ ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಕಳಿಸಿದ್ವಿ.

ಹಿರಿಯಾಕೆ: ಎಷ್ಟು ಹೊತ್ತಿಗೆ?

ಕಿರಿಯಾಕೆ: ರಾತ್ರಿ ಹನ್ನೊಂದಾಗಿತ್ತು.

ಹಿರಿಯಾಕೆ: ಅಡುಗೆ ಆದದ್ದು?

ಕಿರಿಯಾಕೆ: ಮಧ್ಯಾಹ್ನ. ಕೇಟರಿಂಗ್‌ನವರು ಮೂರು ಗಂಟೆಗೆ ತಂದರು. ಐವತ್ತು ಜನಕ್ಕೆ ಹೇಳಿದ್ವಿ, ಮೂವತ್ತು ಜನ ಬಂದರು.

ಹಿರಿಯಾಕೆ: ಎಂಟು ಗಂಟೆ ಹೊರಗಿದ್ದ ಪನೀರನ್ನ, ಮೊಸರನ್ನವನ್ನ ನಿನ್ನ ಮಗನಿಗೆ ಹನ್ನೊಂದು ಗಂಟೆಗೆ ಹಾಕ್ತಿದ್ದೆಯಾ?

ಕಿರಿಯಾಕೆ: ಇಲ್ಲ.

ಹಿರಿಯಾಕೆ: ಮಿಕ್ಕ ಊಟ ಹಂಚೋರಿಗೆ ಅಂತಲೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದವರು 2019ರಲ್ಲಿ ನಿಯಮ ತಂದಿದ್ದಾರೆ. ಹೇಗೆ ಇಡಬೇಕು, ಯಾವಾಗ ಹಂಚಬೇಕು ಅಂತ. ಅದನ್ನ ಪಾಲಿಸಿ ಹಂಚೋ ಗುಂಪುಗಳೂ ಇವೆ. ಆದರೆ ಅದಕ್ಕಿಂತ ಮುಂಚಿನ ಪ್ರಶ್ನೆ, ಮೂವತ್ತು ಜನಕ್ಕೆ ಐವತ್ತು ಜನದ ಅಡುಗೆ ಯಾಕೆ ಅನ್ನೋದು. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದವರು ಹಿಂದೆ ಬೆಂಗಳೂರಿನ ಕಲ್ಯಾಣ ಮಂಟಪಗಳನ್ನ ಸುತ್ತಿ ಲೆಕ್ಕ ಹಾಕಿದಾಗ ವರ್ಷಕ್ಕೆ 943 ಟನ್ ಊಟ ಮದುವೆಗಳಲ್ಲೇ ಹಾಳಾಗುತ್ತೆ ಅಂತ ಬಂತು. ಬಡಿಸೋದು ಕಡಿಮೆಯಾದರೆ ಮರ್ಯಾದೆ ಹೋಗುತ್ತೆ ಅನ್ನೋ ಭಯ ಅದು. ನಮ್ಮಜ್ಜಿ ಅಡುಗೆಮನೆಯಲ್ಲಿ ಅಕ್ಕಿ ಅಳೆದು ಹಾಕುವಾಗ ಕೊನೇ ಹಿಡಿಯನ್ನ ಬೇರೆ ಮಡಕೇಲಿ ಹಾಕ್ತಿದ್ದರು, ಭಿಕ್ಷೆಗೆ ಬಂದವರಿಗೆ ಅಂತ. ಅದು ಹಸಿ ಅಕ್ಕಿ, ಮನೆಯವರು ಉಣ್ಣೋದಕ್ಕೆ ಮುಂಚೆಯೇ ತೆಗೆದಿಟ್ಟದ್ದು. ನಾವು ಈಗ ಉಂಡು ಮಿಕ್ಕದ್ದನ್ನ ಕೊಡ್ತೀವಿ.

ಕಿರಿಯಾಕೆ: ಕಾಲ ಬದಲಾಗಿದೆ ದೊಡ್ಡಮ್ಮ. ನನಗೆ ಅಕ್ಕಿ ಅಳೆಯೋಕೂ ಹೊತ್ತಿಲ್ಲ. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಟ್ರಾಫಿಕ್ಕು, ಆಫೀಸು, ರಾತ್ರಿ ಕಾಲ್‌ಗಳು. ಬೇಕಾದ್ದನ್ನ ಫೋನಿನಲ್ಲಿ ಒತ್ತಿದ್ರೆ ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುತ್ತೆ. ಎಷ್ಟು ಇದೆ ಅಂತ ನೋಡೋಕೆ ಮುಂಚೆ ಇನ್ನೊಂದು ಬಂದಿರುತ್ತೆ. ನನಗೂ ಇದು ಹಿಂಸೆಯೇ. ಅದಕ್ಕೇ ಕೊಟ್ಟುಬಿಟ್ಟರೆ ಏನೋ ಸಮಾಧಾನ.

ಹಿರಿಯಾಕೆ: ಆ ಸಮಾಧಾನವೇ ಮುಂದಿನ ಸೇಲಿಗೆ ದಾರಿ. ಕೊಡೋಕೆ ಜಾಗ ಇದೆ ಅಂತ ಗೊತ್ತಿದ್ದರೆ ಕೊಳ್ಳೋಕೆ ಕೈ ತಡೆಯಲ್ಲ.

ಕಿರಿಯಾಕೆ: ನೀವು ಮೊದಲು ಏನು ಮಾಡ್ತಿದ್ರಿ, ಹಳೇ ಬಟ್ಟೆ?

ಹಿರಿಯಾಕೆ: ಸ್ಟೀಲ್ ಪಾತ್ರೆಯವಳು ಬರ್ತಿದ್ದಳಲ್ಲ, ನಿನಗೂ ನೆನಪಿರಬೇಕು, ತಲೆ ಮೇಲೆ ಬುಟ್ಟಿ ಇಟ್ಟುಕೊಂಡು. ನಿಮ್ಮಮ್ಮ ಎರಡು ಪ್ಯಾಂಟು ಒಂದು ಸೀರೆ ಇಟ್ಟು ಕುಕ್ಕರ್ ಕೇಳೋಳು, ಅವಳು ಒಂದು ಲೋಟ ಎತ್ತಿ ಕೊಡೋಳು. ಅರ್ಧ ಗಂಟೆ ಜಗಳ! ಅಲ್ಲಿ ಯಾರೂ ದಾನಿಯಲ್ಲ, ಯಾರೂ ಭಿಕ್ಷುಕರಲ್ಲ. ಬೇಡದ ಬಟ್ಟೆಯನ್ನ ಅವಳು ಮುಟ್ಟುತ್ತಲೇ ಇರಲಿಲ್ಲ, ಬಿಸಾಕಿ ಎದ್ದು ಹೋಗ್ತಿದ್ದಳು. ಇಲ್ಲ ಅನ್ನೋ ಹಕ್ಕು ಅವಳಿಗಿತ್ತು. ಉತ್ತರ ಕರ್ನಾಟಕದ ಕಡೆ ಹಳೇ ಸೀರೆಯೆಲ್ಲ ಕೌದಿಯಾಗುತ್ತೆ, ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಹೊಲಿಯೋ ಕೌದಿಗೆ ಈಗ ಹೊರದೇಶದಲ್ಲೂ ಬೆಲೆಯಿದೆ. ಹರಿಯಾಣದ ಪಾಣಿಪತ್ತಿನಲ್ಲಿ ಒಂದು ಊರಿಗೆ ಊರೇ ಹಳೇ ಉಣ್ಣೆ ಬಟ್ಟೆ ಹರಿದು, ನೂಲು ಮಾಡಿ ಕಂಬಳಿ ನೇಯುತ್ತೆ. ಭೂಕಂಪ, ಪ್ರವಾಹ ಆದಾಗ ಹಂಚೋ ಅಗ್ಗದ ಕಂಬಳಿಗಳು ಎಷ್ಟೋ ಅಲ್ಲಿಂದಲೇ ಹೋಗ್ತವೆ. ಅದೆಲ್ಲ ವ್ಯಾಪಾರ, ಕೂಲಿ, ಕಸುಬು. ಬಟ್ಟೆಗೆ ಮರುಜನ್ಮ ಕೊಡೋಕೆ ಯಾರನ್ನೂ ಕೈಯೊಡ್ಡಿಸಬೇಕಿಲ್ಲ. ಗೂಂಜ್‌ನವರೂ ಹಳ್ಳಿಗೆ ಸುಮ್ಮನೆ ಹಂಚಲ್ಲ. ಊರವರೇ ಸೇರಿ ಬಾವಿ ತೋಡಿ, ರಸ್ತೆ ಮಾಡಿ, ಆ ದುಡಿಮೆಗೆ ಪ್ರತಿಯಾಗಿ ಬಟ್ಟೆ ತಗೋತಾರೆ.

ಕಿರಿಯಾಕೆ: ಎಲ್ಲಾ ದಾನದಲ್ಲೂ ಅವಮಾನ ಇರುತ್ತಾ? ನಾವು ಇವನ ಬರ್ತ್‌ಡೇಗೆ ಒಂದು ಮಕ್ಕಳ ಆಶ್ರಮಕ್ಕೂ ಹೋಗಿದ್ವಿ. ಕೇಕ್ ಕತ್ತರಿಸಿದ್ವಿ, ಹಾಡು ಹೇಳಿದ್ವಿ. ಆ ಮಕ್ಕಳು ಎಷ್ಟು ಖುಷಿಪಟ್ಟವು.

ಹಿರಿಯಾಕೆ: ಭಾನುವಾರ ಹೋಗಿದ್ರಿ ತಾನೇ?

ಕಿರಿಯಾಕೆ: ಹೌದು. ಬೆಳಗಿನ ಹೊತ್ತು ಬೇರೆಯವರು ಬುಕ್ ಮಾಡಿದ್ರು, ನಮಗೆ ಸಂಜೆ ಸಿಕ್ಕಿತು.

ಹಿರಿಯಾಕೆ: ಒಂದೇ ದಿನ ಎರಡು ಕೇಕು. ಬುಧವಾರ ಗಣಿತ ಹೇಳಿಕೊಡೋಕೆ ಯಾರಾದರೂ ಬುಕ್ ಮಾಡಿದ್ರಾ ಕೇಳು. ಗೊತ್ತಿಲ್ಲದ ಮಗುವಿಗೆ ತನ್ನದಲ್ಲದ ಹುಟ್ಟುಹಬ್ಬದಲ್ಲಿ ಚಪ್ಪಾಳೆ ತಟ್ಟೋ ಕೆಲಸ ಕೊಟ್ಟು ಬಂದ್ವಿ ನಾವು. ಇದನ್ನ ನಿನ್ನ ಮೇಲೆ ಆರೋಪ ಅಂತ ತಿಳೀಬೇಡ. ನಾನು ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದೀನಿ.

ಕಿರಿಯಾಕೆ: ನೀವಾ?

ಹಿರಿಯಾಕೆ: ಹೂಂ. ನಾನು ಹೆಡ್‌ಮಿಸ್ ಆಗಿದ್ದಾಗ ಒಂದು ಕಂಪನಿಯವರು ಸ್ಕೂಲ್ ಬ್ಯಾಗ್ ಕೊಡ್ತೀವಿ ಅಂತ ಬಂದರು. ನನಗೋ ಎಲ್ಲಿಲ್ಲದ ಸಂತೋಷ. ಹನ್ನೊಂದು ಗಂಟೆಗೆ ಬರ್ತೀವಿ ಅಂದವರು ಬಂದದ್ದು ಎರಡೂಕಾಲಕ್ಕೆ. ಅಲ್ಲಿಯವರೆಗೆ ಮಕ್ಕಳನ್ನ ಸಾಲಾಗಿ ಕೂರಿಸಿದ್ದೆ. ಬಿಸಿಯೂಟ ಆರಿ ತಣ್ಣಗಾಯ್ತು. ಬಂದವರು ಒಂದೊಂದೇ ಮಗುವನ್ನ ಕರೆದು ಬ್ಯಾಗ್ ಕೊಟ್ಟು, ಕ್ಯಾಮರಾ ಕಡೆ ತಿರುಗಿಸಿ, ನಗು ಅಂತ ಹೇಳಿದರು. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ, ಅವನಪ್ಪ ತೋಟದಲ್ಲಿ ಮರ ಹತ್ತಿ ಮೆಣಸು ಕೊಯ್ಯೋನು, ಎದ್ದು ಬರಲೇ ಇಲ್ಲ. "ನನ್ನ ಹತ್ರ ಬ್ಯಾಗ್ ಇದೆ ಮಿಸ್" ಅಂದ. ಅವನ ಹತ್ತಿರ ಇದ್ದದ್ದು ಅವನಮ್ಮ ಹೊಲಿದುಕೊಟ್ಟ ಬಟ್ಟೆ ಚೀಲ. ನಾನು ಎಲ್ಲರೆದುರು ಗದರಿದೆ. ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ನಿಲ್ಲಿಸಿದೆ. ಫೋಟೋ ತೆಗೆದರು. ಮಾರನೇ ದಿನದಿಂದ ಒಂದು ವಾರ ಅವನು ಶಾಲೆಗೆ ಬರಲಿಲ್ಲ. ಬಂದಾಗ ಅದೇ ಬಟ್ಟೆ ಚೀಲ ತಗಲಿಸಿಕೊಂಡು ಬಂದ.

ಕಿರಿಯಾಕೆ: ಆಮೇಲೆ ಮಾತಾಡಿದ್ರಾ ಅವನ ಹತ್ರ?

ಹಿರಿಯಾಕೆ: ಇಲ್ಲ. ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಬ್ಯಾಗುಗಳ ಹೊಲಿಗೆ ಮಳೆಗಾಲ ಮುಗಿಯೋ ಮುಂಚೆ ಬಿಟ್ಟಿತು. ಆ ವರ್ಷ ನಮ್ಮ ಶಾಲೆಗೆ ನಿಜವಾಗಿ ಬೇಕಿದ್ದದ್ದು ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪೈಪು. ಅವರು ನನ್ನನ್ನ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊಡೋರ ಮುಂದೆ ಬಾಯಿ ತೆಗೆದರೆ ಇದೂ ತಪ್ಪಿಹೋದೀತು ಅನ್ನೋ ಭಯ ನನಗೇ ಇತ್ತು. ಸರ್ಕಾರದ ಸಂಬಳ ತಗೊಳ್ಳೋ ಹೆಡ್‌ಮಿಸ್‌ಗೇ ಅಷ್ಟು ಭಯ ಅಂದ ಮೇಲೆ ಶೆಡ್ಡಿನಲ್ಲಿರೋರು ಬೇಡ ಅಂತ ಹೇಗೆ ಹೇಳ್ತಾರೆ ಹೇಳು?

(ಬ್ಯಾಗ್ ಬೇಡವೆಂದ ಆ ಹುಡುಗನ ಮಾತು ಅಂದಿನಿಂದ ನನ್ನ ತಲೆಯಲ್ಲಿ ಕುಳಿತಿದೆ. ಪಡೆಯುವವನ ಬೇಡ ಎಂಬ ಮಾತಿಗೆ ಜಾಗವಿಲ್ಲದ ಕಡೆ ಕೊಡುವುದೂ ಒಂದು ಬಗೆಯ ಬಲವಂತವೇ ಎಂದು ನನಗೆ ಅನ್ನಿಸುತ್ತದೆ.)

ಕಿರಿಯಾಕೆ: ಆದರೆ ನಮ್ಮ ಮನೆ ಕೆಲಸದವಳು ಹಾಗಲ್ಲ ದೊಡ್ಡಮ್ಮ. ಅವಳಿಗೆ ನಾನು ಏನು ಕೊಟ್ಟರೂ ಸಂತೋಷವಾಗಿ ತಗೋತಾಳೆ. ಸೀರೆ, ಮಿಕ್ಸಿ, ಮಗುವಿನ ಹಳೇ ಶೂ. ಯಾದಗಿರಿ ಕಡೆಯವಳು, ಗಂಡ ಗಾರೆ ಕೆಲಸ. ನಾನು ಅವಳನ್ನ ತಂಗಿ ಥರ ನೋಡ್ಕೋತೀನಿ.

ಹಿರಿಯಾಕೆ: ಎಷ್ಟು ಕೊಡ್ತೀಯ ತಿಂಗಳಿಗೆ?

ಕಿರಿಯಾಕೆ: 4,500. ಪಾತ್ರೆ, ಕಸ ಗುಡಿಸಿ ಒರೆಸೋದು, ಬಟ್ಟೆ ಒಣಗಿಸಿ ಮಡಚೋದು.

ಹಿರಿಯಾಕೆ: ಎಷ್ಟು ವರ್ಷದಿಂದ?

ಕಿರಿಯಾಕೆ: ನಾಲ್ಕು ವರ್ಷ ಆಯ್ತು. ಶುರುವಿನಲ್ಲಿ 4,000 ಇತ್ತು.

ಹಿರಿಯಾಕೆ: ನಾಲ್ಕು ವರ್ಷಕ್ಕೆ ಐನೂರು. ಈ ನಾಲ್ಕು ವರ್ಷದಲ್ಲಿ ನಿನ್ನ ಸಂಬಳ ಎಷ್ಟಾಯ್ತು ಅಂತ ನಾನು ಕೇಳಲ್ಲ.

ಕಿರಿಯಾಕೆ: ಇಲ್ಲಿ ಎಲ್ಲರೂ ಅಷ್ಟೇ ಕೊಡೋದು. ಜಾಸ್ತಿ ಕೊಟ್ಟರೆ ಗ್ರೂಪಿನಲ್ಲಿ ಗಲಾಟೆ ಮಾಡ್ತಾರೆ, ರೇಟು ಕೆಡಿಸ್ತೀರ ಅಂತ.

ಹಿರಿಯಾಕೆ: ದಾನಕ್ಕೆ ರೇಟಿಲ್ಲ, ಕೂಲಿಗೆ ಮಾತ್ರ ರೇಟು. ಹೋದ ತಿಂಗಳು ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆಲ್ಲ ಏನೋ ಚೀಲ ಕೊಟ್ಟೆಯಲ್ಲ, ಅದೆಷ್ಟಾಯ್ತು?

ಕಿರಿಯಾಕೆ: ರಿಟರ್ನ್ ಗಿಫ್ಟಾ? ಒಂದಕ್ಕೆ 400. ಇಪ್ಪತ್ತೆಂಟು ಮಕ್ಕಳು.

ಹಿರಿಯಾಕೆ: 11,200. ಆಗಲೇ ಎಲ್ಲವೂ ಇರೋ ಮನೆಯ ಮಕ್ಕಳಿಗೆ. ಅವರಮ್ಮಂದಿರೂ ಅದನ್ನ ಈ ಶನಿವಾರ ಪೆಟ್ಟಿಗೆಗೆ ಹಾಕ್ತಿರ್ತಾರೆ.

ಕಿರಿಯಾಕೆ: ಎರಡು ಚೀಲ ನಮ್ಮ ಪೆಟ್ಟಿಗೇಲೂ ಇವೆ, ಬೇರೆಯವರ ಮನೆ ಬರ್ತ್‌ಡೇಯಲ್ಲಿ ಬಂದವು. ಬಿಚ್ಚಿಲ್ಲ.

ಹಿರಿಯಾಕೆ: ಕೇಳು ಮಗೂ. ಮನೆಗೆಲಸದವರಿಗೂ ಕನಿಷ್ಠ ಕೂಲಿ ಅಂತ ನಿಗದಿ ಮಾಡಿ ಆದೇಶ ಹೊರಡಿಸಿದ ಮೊದಲ ರಾಜ್ಯ ನಮ್ಮ ಕರ್ನಾಟಕ. 2004ರಲ್ಲಿ. ಈ ಬೆಂಗಳೂರಿನ ಮನೆಗೆಲಸದ ಹೆಂಗಸರೇ ಸಂಘ ಕಟ್ಟಿಕೊಂಡು, ಬೀದಿಗಿಳಿದು ಕೇಳಿ ಪಡೆದದ್ದು. ಆ ದರ ಕಾಲಕಾಲಕ್ಕೆ ಏರ್ತಾ ಬಂದಿದೆ. ನಿಮ್ಮ ಗ್ರೂಪಿನಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಅವಳ ಗಂಟೆ ಲೆಕ್ಕ ಹಾಕಿ ಆ ದರದ ಪಕ್ಕ ಇಟ್ಟು ನೋಡಿದ್ದೀರಾ? ಅವಳಿಗೆ ಸಲ್ಲಬೇಕಾದ್ದನ್ನ ಪೂರ್ತಿ ಕೊಟ್ಟರೆ ಅವಳೇ ತನ್ನ ಮಗುವಿನ ಕಾಲಿನ ಅಳತೆಗೆ ಶೂ ತಗೋತಾಳೆ. ನಿನ್ನ ಮಗನ ಹಳೇ ಶೂ ಅವಳ ಮಗುವಿನ ಕಾಲಿಗೆ ಸರಿಯಾಯ್ತಾ ಅಂತ ಯಾವತ್ತಾದರೂ ಕೇಳಿದ್ದೀಯಾ?

ಕಿರಿಯಾಕೆ: ಇಲ್ಲ. ಅವಳಿಗೆ ಹೆಣ್ಣುಮಗು. ಎಷ್ಟು ವರ್ಷ ಅಂತ ಕೂಡ ನನಗೆ ಸರಿಯಾಗಿ ಗೊತ್ತಿಲ್ಲ. ತಂಗಿ ಥರ ಅಂತ ಬೇರೆ ಹೇಳಿದೆ.

ಹಿರಿಯಾಕೆ: ಅವಳು ಬರೋದು ಯಾವ ಗೇಟಿನಿಂದ?

ಕಿರಿಯಾಕೆ: ಹಿಂದಿನ ಗೇಟು. ಹೋಗುವಾಗ ಸೆಕ್ಯೂರಿಟಿಯವರು ಚೀಲ ತಪಾಸಣೆ ಮಾಡ್ತಾರೆ. ನಾನು ಏನಾದರೂ ಕೊಟ್ಟಿದ್ದರೆ ಫೋನಿನಲ್ಲಿ ಪಾಸ್ ಕಳಿಸಬೇಕು, ಇಲ್ಲದಿದ್ದರೆ ಬಿಡಲ್ಲ.

ಹಿರಿಯಾಕೆ: ನೀನು ಕೊಟ್ಟ ಸೀರೆಯನ್ನ ಕದ್ದಿಲ್ಲ ಅಂತ ಅವಳು ಗೇಟಿನಲ್ಲಿ ರುಜುವಾತು ಮಾಡಬೇಕು. ಸಂಬಳಕ್ಕೆ ಪಾಸು ಬೇಕಾ?

ಕಿರಿಯಾಕೆ: ಬೇಡ.

(ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಕಿಟಕಿಯಾಚೆ ಎದುರು ಮನೆಯ ಚಾಲಕ ಪೈಪು ಹಿಡಿದು ಕಾರು ತೊಳೆಯುತ್ತಿದ್ದ. 2024ರ ಮಾರ್ಚ್‌ನಲ್ಲಿ ಊರಿಗೆ ಊರೇ ಟ್ಯಾಂಕರ್‌ಗಾಗಿ ಕಾಯುತ್ತಿದ್ದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಆ ಬೇಸಿಗೆಯಲ್ಲಿ ನಮ್ಮ ಬಡಾವಣೆಯವರು ಬಕೆಟ್ಟು, ಬಟ್ಟೆ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಳೆ ಬಂತು, ಪೈಪು ಮತ್ತೆ ಹೊರಬಂತು.)

ಕಿರಿಯಾಕೆ: ಈಗ ಕೊಡೋದೇ ಬೇಡ ಅಂತೀರಾ? ಕೂಲಿ ಕೊಟ್ಟು ಸುಮ್ಮನಾಗಿಬಿಡಬೇಕಾ?

ಹಿರಿಯಾಕೆ: ಯಾಕೆ ಬೇಡ? ಕೊಡೋದು ನಮ್ಮ ನೆಲದ ಗುಣ. ಬಸವಣ್ಣನವರ ಕಾಲದಿಂದ ದಾಸೋಹ ಅನ್ನೋ ಮಾತು ನಮ್ಮಲ್ಲಿದೆಯಲ್ಲ, ಅದರಲ್ಲಿ ಕೊಡೋನೇ ದಾಸ, ಬಗ್ಗಬೇಕಾದವನು ಅವನು. ದುಡಿದದ್ದರಲ್ಲಿ ಕೊಡಬೇಕು, ಕೊಟ್ಟೆ ಅನ್ನೋದು ತಲೆಗೇರಬಾರದು. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ದಿನಾ ಉಂಡು ಓದ್ತಾರೆ. ಶಿವಕುಮಾರ ಸ್ವಾಮಿಗಳು ಊರೂರು ಸುತ್ತಿ ಭಿಕ್ಷೆ ಎತ್ತಿ ಬೆಳೆಸಿದ್ದು ಅದು. ರೈತರು ಸುಗ್ಗಿ ಮುಗಿದ ಮೇಲೆ ತಮ್ಮ ಮನೆಯಲ್ಲಿ ತಾವು ತಿನ್ನೋ ರಾಗಿಯನ್ನೇ ಮಠಕ್ಕೆ ಅಳೆದು ಹಾಕ್ತಿದ್ದರು. ಅಲ್ಲಿ ಸಾಲಿನಲ್ಲಿ ಕೂತ ಮಗುವಿಗೆ ಇದು ಯಾರ ಮನೆ ರಾಗಿ ಅಂತ ಗೊತ್ತಾಗೋದೇ ಇಲ್ಲ. ಯಾರಿಗೂ ತಲೆ ತಗ್ಗಿಸಬೇಕಿಲ್ಲ.

ಕಿರಿಯಾಕೆ: ಪ್ರವಾಹ ಬಂದಾಗ?

ಹಿರಿಯಾಕೆ: ಮೊದಲು ಫೋನ್ ಮಾಡಿ ಏನು ಬೇಕು ಅಂತ ಕೇಳು. ಗೊತ್ತಾಗದಿದ್ದರೆ ದುಡ್ಡು ಕಳಿಸು, ಅಲ್ಲಿಯವರೇ ಅಲ್ಲಿನ ಅಂಗಡೀಲಿ ಕೊಳ್ತಾರೆ, ಮುಳುಗಿದ ಊರಿನ ಅಂಗಡಿಗೂ ಜೀವ ಬರುತ್ತೆ. ಮತ್ತೆ ಒಂದು ವರ್ಷ ಬಿಟ್ಟು ಇನ್ನೊಂದು ಸಲ ಫೋನ್ ಮಾಡು. ನಮ್ಮಲ್ಲಿ ಗುಡ್ಡ ಕುಸಿದದ್ದು 2018ರ ಆಗಸ್ಟ್. ಜಂಬೂರು, ಮದೆನಾಡು ಕಡೆ ಕಟ್ಟಿದ ಮನೆಗಳು ಜನರ ಕೈಗೆ ಬಂದದ್ದು 2020ರಲ್ಲಿ. ನಡುವೆ ಅಷ್ಟೂ ಕಾಲ ಅವರು ಬಾಡಿಗೆ ಮನೆ, ನೆಂಟರ ಮನೆ ಅಂತ ಅಲೆದರು. ಬಾಡಿಗೆ ಕಟ್ಟೋಕೆ, ಮಕ್ಕಳ ಫೀಸಿಗೆ, ಕೊಚ್ಚಿಹೋದ ಪಹಣಿ, ರೇಷನ್ ಕಾರ್ಡ್ ಮತ್ತೆ ಮಾಡಿಸಲು ಆಫೀಸು ತಿರುಗೋಕೆ ಆಗ ಕೈ ಬೇಕಿತ್ತು. ಲಾರಿಗಳೆಲ್ಲ ಮೊದಲ ತಿಂಗಳೇ ಬಂದು ಹೋಗಿದ್ದವು.

ಕಿರಿಯಾಕೆ: ಅಂದ್ರೆ ಕೇಳಬೇಕು.

ಹಿರಿಯಾಕೆ: ಕೇಳಬೇಕು. ಕೇಳಿದ ಮೇಲೆ ಬಂದ ಉತ್ತರ ನಮಗೆ ಹಿಡಿಸದಿದ್ದರೂ ಒಪ್ಪಬೇಕು. ಅದು ಕಷ್ಟ. ಪೆಟ್ಟಿಗೆ ಕಟ್ಟೋದು ಸುಲಭ.

ಕಿರಿಯಾಕೆ: ನಮ್ಮ ಕೆಲಸದವಳನ್ನ ಈಗಲೇ ಕೇಳ್ತೀನಿ.

ಅಡುಗೆಮನೆಯಿಂದ ಕರೆದಾಗ ಆಕೆ ಕೈ ಒರೆಸಿಕೊಂಡು ಬಂದು ಬಾಗಿಲ ಹತ್ತಿರವೇ ನಿಂತರು. ಕಿರಿಯಾಕೆ, "ನಿನಗೆ ನಿಜವಾಗಿ ಏನು ಬೇಕು ಹೇಳು" ಅಂದರು. ಆಕೆ ಪೆಟ್ಟಿಗೆಗಳ ಕಡೆ ನೋಡಿ, ಏನೂ ಬೇಡ ಅಂದರು. ಹಿರಿಯಾಕೆ ಕುರ್ಚಿ ಎಳೆದು ಕೂರಿಸಿ, ಇನ್ನೊಮ್ಮೆ ಕೇಳಿದರು. ಆಗ ತಡೆದು ತಡೆದು ಬಂದ ಮಾತು: "ಹ್ವಾದ ತಿಂಗಳ ಮಗಳಿಗೆ ಜ್ವರ ಬಂದಾಗ ಮೂರು ದಿನದ ಪಗಾರ ಹಿಡದಿದ್ರಲ್ರೀ ಅಕ್ಕಾರ, ಅದು ಕೊಟ್ಟರ ಸಾಕ್ರೀ."

ಮೂರು ದಿನದ ಪಗಾರ 450 ರೂಪಾಯಿ. ಅದನ್ನು ಆಗಲೇ ಕೊಟ್ಟರು. ಶನಿವಾರ ಆ ಮನೆಯಿಂದ ಕ್ಲಬ್ ಹೌಸಿಗೆ ಒಂದು ಪೆಟ್ಟಿಗೆಯೂ ಹೋಗಲಿಲ್ಲ.